ಗಡ್ಡೆಯೊಳಗಿನ ನೆರೆಹೊರೆ

ತರಗತಿಯ ಸರಾಸರಿ 40 ಅಂಕವೆಂದರೆ ಅದರಲ್ಲಿ 90 ಪಡೆದವನೂ ಕಾಣನು, ಸೊನ್ನೆ ಪಡೆದವನೂ ಕಾಣನು. ಶಿಕ್ಷಕರಾದ ನಾವಿದನ್ನು ಬಲ್ಲೆವು. ಸ್ತನ ಕ್ಯಾನ್ಸರಿನ ಗಡ್ಡೆಯ ಚೂರನ್ನು ಅರೆದು ಒಟ್ಟಾಗಿ ಪರೀಕ್ಷಿಸುವ ಕ್ರಮದಲ್ಲಿಯೂ ಇದೇ ಕುಂದು. ಗಡ್ಡೆಯಲ್ಲಿ ರೋಗದ ಜೀವಕಣಗಳ ಜೊತೆಗೆ ದೇಹರಕ್ಷಣೆಯ ಬಿಳಿಯ ಕಣಗಳು, ರಕ್ತನಾಳದವು, ನಾರು ಹೆಣೆಯುವವು ಎಲ್ಲವೂ ಬೆರೆತಿರುತ್ತವೆ.

2011ರಲ್ಲಿ ಅಮೆರಿಕದ ನಿಕೊಲಸ್ ನವಿನ್ ಮತ್ತು ಸಂಗಡಿಗರು ಒಂದು ಗಡ್ಡೆಯ 100 ಕಣಗಳನ್ನು ಬಿಡಿಬಿಡಿಯಾಗಿ ತೆಗೆದು ಅವುಗಳ ಡಿ.ಎನ್.ಎ.ಯನ್ನು ಓದಿದಾಗ ಮೂರು ಬೇರೆ ಬೇರೆ ಸಂತಾನಗಳು ಕಂಡುಬಂದವು. ಆದರೆ ಬಿಡಿಸಿದೊಡನೆ ಯಾವ ಕಣ ಯಾವುದರ ಪಕ್ಕದಲ್ಲಿತ್ತೆಂಬುದು ಅಳಿದುಹೋಗುತ್ತದೆ. ಹಾಜರಿ ಪುಸ್ತಕ ದೊರೆಯಿತು. ಯಾರು ಯಾವ ಬೆಂಚಿನಲ್ಲಿ ಕುಳಿತಿದ್ದರೆಂಬುದು ಮಾತ್ರ ತಿಳಿಯಲಿಲ್ಲ.

2016ರಲ್ಲಿ ಸ್ಟಾಕ್‌ಹೋಮಿನ ಸಂಶೋಧಕರು ಪ್ರಕಟಿಸಿದ ಉಪಾಯ ನಮಗೆ ಬಹು ಸೊಗಸಾಗಿ ತೋರುತ್ತದೆ. ಗಾಜಿನ ಮೇಲೆ ಸಾಲುಸಾಲಾಗಿ ಚುಕ್ಕೆಗಳು. ಪ್ರತಿಯೊಂದಕ್ಕೂ ತನ್ನದೇ ರಾಸಾಯನಿಕ ಗುರುತು. ಅದರ ಮೇಲೆ ಗಡ್ಡೆಯ ತೆಳು ಪದರವನ್ನು ಹಾಸಿ ಕಣಗಳ ಪೊರೆಯನ್ನು ಸಡಿಲಿಸಿದರೆ, ಹೊರಬಂದ ಆರ್.ಎನ್.ಎ. ನೇರ ಕೆಳಗಿನ ಚುಕ್ಕೆಗೆ ಅಂಟಿ, ವಿಳಾಸ ಬರೆದ ಕಾಗದದಂತಾಗುತ್ತದೆ. ಚುಕ್ಕೆಯ ಅಗಲ ಮಿಲಿಮೀಟರಿನ ಹತ್ತನೆಯ ಒಂದು ಪಾಲು; ಅಷ್ಟರಲ್ಲಿಯೇ ಹಲವು ಕಣಗಳು ಅಡಗುವುದರಿಂದ ಎರಡು ಉಪಾಯಗಳನ್ನೂ ಜೋಡಿಸಬೇಕಾಯಿತು.

ಹಾಗೆ ಜೋಡಿಸಿ ಸಿಡ್ನಿಯ ಗಾರ್ವನ್ ಸಂಸ್ಥೆಯವರು 2021ರಲ್ಲಿ ಹೊರತಂದ ನಕಾಶೆಯಲ್ಲಿ 26 ಗಡ್ಡೆಗಳ 1,30,000ಕ್ಕೂ ಹೆಚ್ಚು ಕಣಗಳಿವೆ. ಕಣಗಳು ಜತೆಗೂಡುವ ಬಗೆಯನ್ನು ನೋಡಿ ಸ್ತನ ಕ್ಯಾನ್ಸರನ್ನು 9 ಗುಂಪುಗಳಾಗಿ ವಿಂಗಡಿಸಿದರು.

ಒಂದೇ ಹೆಸರಿನ ರೋಗಕ್ಕೆ ಒಂದೇ ಔಷಧಿ ಕೊಟ್ಟರೂ ಒಬ್ಬ ತಾಯಿ ಚೇತರಿಸಿಕೊಂಡು ಇನ್ನೊಬ್ಬಳು ಏಕೆ ತೀರಿಕೊಂಡಳು? ಬಿಳಿಯ ಕಣಗಳು ಗಡ್ಡೆಯೊಳಕ್ಕೆ ನುಗ್ಗಿದ್ದವೋ, ಅಂಚಿನಲ್ಲಿಯೇ ತಡೆದು ನಿಂತಿದ್ದವೋ ಎಂಬಲ್ಲಿ ಉತ್ತರದ ಒಂದಂಶವನ್ನು ಸಂಶೋಧಕರು ಅರಸುತ್ತಿದ್ದಾರೆ. ಖರ್ಚು ವಿಪರೀತ, ಆಸ್ಪತ್ರೆಯ ನಿತ್ಯದ ಪರೀಕ್ಷೆಗಳಲ್ಲಿ ಇದಿನ್ನೂ ಸೇರಿಲ್ಲ.