ಒಂದು ಸೀರೆಗೆ ಎಷ್ಟು ಗೂಡು?

ರಸ್ತೆಯ ಒಳಚರಂಡಿ ಗುಂಡಿಯ ಮುಚ್ಚಳ ಏಕೆ ದುಂಡಗಿರುತ್ತದೆ?

ಎಂಜಿನಿಯರಿಂಗ್ ಮುಗಿಸಿ ಕೆಲಸ ಕೇಳಲು ಹೋದಾಗ ಇಂಥ ಪ್ರಶ್ನೆ ಎದುರಾದರೆ ಗಾಬರಿ ಸಹಜ. ಯಾವ ಸೆಮಿಸ್ಟರಿನ ಪಠ್ಯದಲ್ಲೂ ಇದಿಲ್ಲ. 1990ರ ದಶಕದಲ್ಲಿ ಅಮೆರಿಕದ ಮೈಕ್ರೋಸಾಫ್ಟ್ ಕಂಪೆನಿಯ ಸಂದರ್ಶನಗಳಿಂದ ಹೆಸರಾದ ಪ್ರಶ್ನೆಯಿದು. ಚೌಕ ಮುಚ್ಚಳ ಓರೆಯಾದರೆ ಗುಂಡಿಯೊಳಗೆ ಬಿದ್ದೀತು. ದುಂಡನೆಯದು ಹೇಗೆ ತಿರುಗಿಸಿದರೂ ಬೀಳದು.

ಈ ಪರಿಪಾಠ ಹಳೆಯದೇ. 1921ರಲ್ಲಿ ಥಾಮಸ್ ಎಡಿಸನ್ ಕೆಲಸ ಕೇಳಿ ಬಂದವರ ಮುಂದೆ ನೂರಕ್ಕೂ ಹೆಚ್ಚು ಪ್ರಶ್ನೆಗಳ ಪಟ್ಟಿ ಇಡುತ್ತಿದ್ದರು. ಆ ವರ್ಷ ಅಮೆರಿಕಕ್ಕೆ ಹೋಗಿದ್ದ ಐನ್‌ಸ್ಟೀನ್ ಅವರಿಗೂ ಆ ಬಗೆಯ ಪ್ರಶ್ನೆ ಬಂತು: ಶಬ್ದದ ವೇಗವೆಷ್ಟು? ಪುಸ್ತಕದಲ್ಲಿ ಸಿಗುವುದನ್ನು ತಲೆಯಲ್ಲಿ ಹೊತ್ತು ತಿರುಗುವುದಿಲ್ಲ ಎಂದುಬಿಟ್ಟರು ಅವರು!

ಒಳ್ಳೆಯ ಸಂದರ್ಶಕ ಪರೀಕ್ಷಿಸುವುದು ನೆನಪನ್ನಲ್ಲ, ಯೋಚಿಸುವ ಬಗೆಯನ್ನು. ಅದರ ಅಭ್ಯಾಸಕ್ಕೆ ದುಬಾರಿ ಕೋಚಿಂಗ್ ಬೇಕಿಲ್ಲ. ನಮ್ಮ ಊರುಗಳೇ ಸಾಕು.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನೇ ನೋಡಿ. ಒಂದು ರೇಷ್ಮೆ ಸೀರೆಗೆ ಎಷ್ಟು ಗೂಡು ಬೇಕು? ಸೀರೆಯಲ್ಲಿ ಅರ್ಧ ಕಿಲೋ ರೇಷ್ಮೆ ಎಂದುಕೊಳ್ಳಿ. ಒಂದು ಕಿಲೋ ನೂಲಿಗೆ ಸುಮಾರು 7 ಕಿಲೋ ಗೂಡು ಬೇಕಾದರೆ, ಸೀರೆಗೆ ಮೂರೂವರೆ ಕಿಲೋ. ಒಂದು ಗೂಡಿನ ತೂಕ ಎರಡು ಗ್ರಾಂಗಿಂತ ತುಸು ಕಡಿಮೆ. ಅಲ್ಲಿಗೆ ಸುಮಾರು 2,000 ಗೂಡು. 'ನೂಲಿನ ಅಂಟು ತೆಗೆದಾಗ ಕಾಲು ಭಾಗ ತೂಕ ಇಳಿಯುತ್ತದಲ್ಲ, ಹಾಗಾದರೆ 2,600 ಆದೀತು' ಎಂದವರಿಗೆ ಹೆಚ್ಚು ಅಂಕ!

ಇನ್ನು ಚಿಂತಾಮಣಿ ಕಡೆಯ ಸಾವಿರ ಅಡಿಯ ಕೊಳವೆಬಾವಿ. ಒಳಗೆ ಬಿದ್ದ ಕಲ್ಲಿನ ಸದ್ದು ಎಷ್ಟು ಹೊತ್ತಿಗೆ ಕೇಳೀತು? (ಹಾಕಿ ನೋಡಬೇಡಿ!) ಗಾಳಿಯ ತಡೆ ಬಿಟ್ಟರೆ ಕಲ್ಲು ತಳ ಸೇರಲು ಸುಮಾರು 8 ಸೆಕೆಂಡು. ಸದ್ದು ಮೇಲೆ ಬರಲು ಇನ್ನೊಂದು ಸೆಕೆಂಡು. ಈ ಕೊನೆಯ ಸೆಕೆಂಡನ್ನು ಮರೆಯದವರೇ ಎಂಜಿನಿಯರ್.

ಭೂಕಂಪವೇ ಅಪರೂಪವಾದ ಗೌರಿಬಿದನೂರಿನಲ್ಲಿ 1965ರಲ್ಲಿ ಭೂಕಂಪನ ಮಾಪಕಗಳ ಸಾಲನ್ನು ಹೂಡಿದ್ದೇಕೆ? ಇಲ್ಲಿನ ಬಂಡೆ ಹಳೆಯದು, ಗಟ್ಟಿ, ನೆಲ ಶಾಂತ. ನಿಶ್ಶಬ್ದ ಕೋಣೆಯಲ್ಲಿ ಪಿಸುಮಾತು ಕೇಳುವಂತೆ, ದೂರದೇಶದ ಕಂಪನವೂ, ಅಣುಸ್ಫೋಟವೂ ಇಲ್ಲಿ ಗೊತ್ತಾಗುತ್ತದೆ.

ಹಾಗೆಂದು ಒಗಟು ಬಿಡಿಸಲಾಗದವರು ದಡ್ಡರಲ್ಲ. ಗೂಗಲ್‌ನ ಸಿಬ್ಬಂದಿ ವಿಭಾಗದ ಮುಖ್ಯಸ್ಥರಾಗಿದ್ದ ಲಾಸ್ಲೋ ಬಾಕ್, ಇಂಥ ಒಗಟುಗಳಿಂದ ಅಭ್ಯರ್ಥಿಯ ಮುಂದಿನ ಕೆಲಸದ ಬಗ್ಗೆ ಏನೂ ತಿಳಿಯದು ಎಂದು 2013ರಲ್ಲೇ ಹೇಳಿದರು. ಅವರು ಮೆಚ್ಚಿದ್ದು ಬೇರೆ ಪ್ರಶ್ನೆ: ನೀವು ಬಿಡಿಸಿದ ಕಠಿಣ ಸಮಸ್ಯೆಯೊಂದನ್ನು ಹೇಳಿ. ಅಪ್ಪನ ಪಂಪ್‌ಸೆಟ್ ಬಿಚ್ಚಿ ರಿಪೇರಿ ಮಾಡಿದ ಹುಡುಗನಿಗೆ, ನೂಲು ಬಿಚ್ಚುವ ಯಂತ್ರದ ದೋಷ ಕಂಡುಹಿಡಿದ ಹುಡುಗಿಗೆ ಇದಕ್ಕೆ ಉತ್ತರವಿದೆ. ಅದನ್ನು ಹೇಳುವ ಧೈರ್ಯ ಬೇಕು, ಅಷ್ಟೇ.

ಚಿಕ್ಕಬಳ್ಳಾಪುರದ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಓದು ಶುರುವಾದದ್ದು ಈ ನೆಲದಲ್ಲೇ. ಪೋಷಕರೇ, ಅಂಕಪಟ್ಟಿ ನೋಡುವುದರ ಜೊತೆಗೆ ಊಟದ ಹೊತ್ತಿನಲ್ಲಿ ಮಕ್ಕಳಿಗೆ ಇಂಥದೊಂದು ಪ್ರಶ್ನೆ ಕೇಳಿ. ಕನ್ನಡದಲ್ಲೇ ಕೇಳಿ. ಉತ್ತರ ತಪ್ಪಿದರೆ ಬೈಯಬೇಡಿ, 'ಹೇಗೆ ಯೋಚಿಸಿದೆ?' ಎನ್ನಿ. ಹೀಗೆ ಬಾಯಿಬಿಟ್ಟು ಯೋಚಿಸಿ ರೂಢಿಯಾದ ಮಗು ಬೆಂಗಳೂರಿನ ಸಂದರ್ಶನ ಕೊಠಡಿಯಲ್ಲಿ ತಡವರಿಸುವುದಿಲ್ಲ.