ಹುಲಿಕೆರೆ ದಾರಿಯಲ್ಲಿ ಸೈಕಲ್ ಸಾಲು

ಹುರುಳಿ ಒಕ್ಕಣೆಯ ದಿನಗಳಲ್ಲಿ ಅರಸೀಕೆರೆ, ಹಳೇಬೀಡು ಸೀಮೆಯ ಹಳ್ಳಿ ರಸ್ತೆಗಳು ಅರ್ಧ ರಸ್ತೆ, ಅರ್ಧ ಕಣ. ಕಿತ್ತ ಗಿಡವನ್ನು ಡಾಂಬರಿನ ಮೇಲೆ ಹರಡಿ ರೈತರು ನೆರಳಿಗೆ ಸರಿಯುತ್ತಾರೆ. ಬಸ್ಸು, ಟ್ರ್ಯಾಕ್ಟರುಗಳು ಕಾಳು ಬಿಡಿಸಿಕೊಡುತ್ತವೆ. ದೊಡ್ಡ ಗಾಡಿಗಳಿಗೆ ಲೆಕ್ಕಕ್ಕೇ ಬಾರದ ಈ ಕಣ ಸೈಕಲ್ ಕ್ಲಬ್ಬಿನ ಸವಾರರಿಗೆ ಮಾತ್ರ ಕಂಟಕ. ಬಳ್ಳಿ ಹೋಗಿ ಗೇರು ಬದಲಿಸುವ ಡಿರೈಲರಿಗೆ ಸುತ್ತಿಕೊಂಡರೆ ಅವತ್ತಿನ ಸವಾರಿ ಅಲ್ಲಿಗೇ ಮುಗಿಯಿತು. ಹಾಗಾಗಿ ಎದುರಿಗೆ ಹುರುಳಿ ಕಂಡೊಡನೆ ಮುಂದಿನ ಸವಾರ ಕೈ ಎತ್ತುತ್ತಾನೆ, ಎರಡನೆಯವಳು ಕೂಗುತ್ತಾಳೆ, ಸುದ್ದಿ ಸಾಲಿನ ಬಾಲದವರೆಗೆ ಓಡುತ್ತದೆ. ಎಲ್ಲರೂ ಇಳಿದು ತಳ್ಳಿಕೊಂಡು ದಾಟುತ್ತಾರೆ.

ಗುಂಪು ಸವಾರಿಯ ಕಸುಬೆಲ್ಲ ಹೀಗೆ ಕೈ ಮತ್ತು ಗಂಟಲಿನದು. ಗುಂಡಿ ಇದ್ದರೆ ಆ ಬದಿಯ ಬೆರಳು ನೆಲ ತೋರಿಸಬೇಕು. ಹಿಂದಿನಿಂದ ಕಾರು ಬಂದರೆ ಕೊನೆಯವರು ‘ಕಾರ್ ಬ್ಯಾಕ್’ ಎಂದು ಕೂಗಬೇಕು. ಮುನ್ಸೂಚನೆ ಇಲ್ಲದೆ ಬ್ರೇಕ್ ಹಿಡಿಯುವುದು ಮಹಾಪರಾಧ, ಏಕೆಂದರೆ ಹಿಂದಿನವರು ಒಂದು ಗಾಲಿಯ ಅಂತರದಲ್ಲಷ್ಟೇ ಇರುತ್ತಾರೆ. ಅಷ್ಟು ಹತ್ತಿರ ಬರುವುದು ಗಾಳಿಯ ಸಲುವಾಗಿ. ಮುಂದಿದ್ದವನು ಗಾಳಿ ಸೀಳುತ್ತಾನೆ, ಹಿಂದಿದ್ದವನಿಗೆ ಶ್ರಮ ಸುಮಾರು ಮೂರನೇ ಒಂದು ಪಾಲು ಕಡಿಮೆ. ಇದಕ್ಕೆ ಡ್ರಾಫ್ಟಿಂಗ್ ಅನ್ನುತ್ತಾರೆ. ಸರದಿಯಂತೆ ಎಲ್ಲರೂ ಮುಂದೆ ಬಂದು ಗಾಳಿಗೆ ಎದೆಯೊಡ್ಡಬೇಕು. ಬರೀ ಹಿಂದೆಯೇ ಕೂತು ಬರುವವನ ಹೆಸರು ಚಹಾದ ಹೊತ್ತಿಗೆ ಎಲ್ಲರ ಬಾಯಲ್ಲಿರುತ್ತದೆ. ತೀರಾ ಹಿಂದೆ ‘ಸ್ವೀಪ್’ ಇರುತ್ತಾರೆ, ಪಂಚರ್ ಆದವರನ್ನೂ ಸುಸ್ತಾದವರನ್ನೂ ಬಿಟ್ಟು ಬರದ ಹೊಣೆಯವರು. ನನ್ನ ಪ್ರಕಾರ ಕ್ಲಬ್ಬಿನ ಯೋಗ್ಯತೆ ಅಳೆಯಬೇಕಾದ್ದು ಮುಂದಿನವನ ವೇಗದಿಂದಲ್ಲ, ಸ್ವೀಪಿನ ತಾಳ್ಮೆಯಿಂದ.

ಜೊತೆಗೂಡಿ ಸೈಕಲ್ ಮೇಲೆ ಊರು ಸುತ್ತುವ ಸಂಘ ಇಂಗ್ಲೆಂಡಿನಲ್ಲಿ 1878ರಷ್ಟು ಹಿಂದೆಯೇ ಹುಟ್ಟಿತ್ತು. ನಮ್ಮಲ್ಲಿ ಈ ಹವ್ಯಾಸಕ್ಕೆ ಬಲ ಬಂದದ್ದು ಈ ಶತಮಾನದಲ್ಲಿ, ಬೆಂಗಳೂರಿನಲ್ಲಿ. 2008ರಲ್ಲಿ ಆರಂಭವಾದ ಟೂರ್ ಆಫ್ ನೀಲಗಿರೀಸ್ ಕರ್ನಾಟಕ, ಕೇರಳ, ತಮಿಳುನಾಡಿನ ಬೆಟ್ಟಗಳನ್ನು ಸೈಕಲ್ ಮೇಲೆ ಹತ್ತಿಸಿತು. ಆಮೇಲೆ ಬಂದದ್ದು ಫ್ರಾನ್ಸ್ ಮೂಲದ ‘ಬ್ರೆವೆ’, ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ: 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40. ಒಂದೇ ಋತುವಿನಲ್ಲಿ ನಾಲ್ಕನ್ನೂ ಮುಗಿಸಿದವರು ‘ಸೂಪರ್ ರಾಂಡೊನಿಯರ್’. ಇಲ್ಲಿ ಮೊದಲ ಸ್ಥಾನ ಎಂಬುದೇ ಇಲ್ಲ, ಗಡುವಿನೊಳಗೆ ಬಂದವರೆಲ್ಲ ಸಮ. ಪಂಚರ್ ನಾವೇ ಹಾಕಿಕೊಳ್ಳಬೇಕು, ದಾರಿಯ ತಾಣಗಳಲ್ಲಿ ಕಾರ್ಡಿಗೆ ಮುದ್ರೆ ಒತ್ತಿಸಬೇಕು.

ಆದರೆ ಗಡಿಯಾರ ನೋಡುತ್ತ ಹುಲಿಕೆರೆಗೆ ಬರುವುದು ವ್ಯರ್ಥ. ಹಳೇಬೀಡಿನ ನೆರೆಯ ಈ ಹಳ್ಳಿಯ ಕಲ್ಯಾಣಿ ಹೊಯ್ಸಳರ ಕಾಲದ್ದು. ನಾಲ್ಕೂ ಕಡೆ ಮೆಟ್ಟಿಲು, ಮೆಟ್ಟಿಲ ನಡುನಡುವೆ ಶಿಖರ ಹೊತ್ತ ಪುಟ್ಟ ಪುಟ್ಟ ಗುಡಿಗಳು. ನೆಲದ ಕೆಳಗೆ ತೋಡಿದ ಶಿಲ್ಪವಾದ್ದರಿಂದ ಕಾರಿನ ಕಿಟಕಿಗೆ ಗೋಪುರದಂತೆ ಎದ್ದು ಕಾಣುವುದಿಲ್ಲ, ಅಂಚಿಗೆ ಬಂದು ಬಗ್ಗಿ ನೋಡಬೇಕು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇಗುಲಗಳು ಯುನೆಸ್ಕೊ ಪಟ್ಟಿ ಸೇರಿದವು. ಪ್ರವಾಸಿ ಬಸ್ಸುಗಳು ಓಡುವುದು ಆ ಬೇಲೂರು–ಹಳೇಬೀಡು ನಡುವಿನ 16 ಕಿಲೋಮೀಟರಿನಲ್ಲೇ. ಕ್ಲಬ್ಬಿನವರು ಆ ರಸ್ತೆ ಬಿಟ್ಟು ಒಳದಾರಿ ಹಿಡಿಯುವುದು ಜಾಣತನ. ಪುಷ್ಪಗಿರಿಯ ಏರು, ಬೆಳವಾಡಿಯ ವೀರನಾರಾಯಣ, ಜಾವಗಲ್ಲಿನ ಲಕ್ಷ್ಮೀನರಸಿಂಹ, ಎಲ್ಲವೂ ಒಂದು ದಿನದ ಪೆಡಲಿಗೆ ದಕ್ಕುತ್ತವೆ. (ದೇಶದ ಅತಿ ವೇಗದ ಬೌಲರುಗಳಲ್ಲೊಬ್ಬರ ಹೆಸರಿಗೆ ಅಂಟಿಕೊಂಡ ಜಾವಗಲ್ಲಿಗೆ ಇಷ್ಟು ನಿಧಾನವಾಗಿ ಹೋಗುವುದರಲ್ಲಿ ಸಣ್ಣ ತಮಾಷೆಯಿದೆ.) ರಾಗಿ ಹೊಲ, ಜೋಳ, ಕೆರೆ ಏರಿ, ಅರಸೀಕೆರೆಯತ್ತ ಹೋದಂತೆ ತೆಂಗು. ಜಾಲಿಮುಳ್ಳು ಮಾತ್ರ ಎಲ್ಲೆಲ್ಲೂ ಇದೆ. ತೆಳು ಟೈರಿನ ರೇಸಿಂಗ್ ಸೈಕಲ್ ತಂದವರಿಗೆ ಅದರ ಪರಿಚಯ ಬೇಗ ಆಗುತ್ತದೆ.

ಈ ದಾರಿಗಳಲ್ಲಿ ಗುಂಪು ಸವಾರಿಯನ್ನು ಕ್ಲಬ್ಬಿನವರೇ ತಂದರೆಂದು ಭಾವಿಸಿದರೆ ತಪ್ಪು. 2006–07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿದ ಮೇಲೆ ಹೈಸ್ಕೂಲಿನ ಹಾದಿಗಳಲ್ಲಿ ಬೆಳಗು ಸಂಜೆ ಸೈಕಲ್ ಸಾಲು ಕಂಡಿತು. ಕೋವಿಡ್ ಕಾಲಕ್ಕೆ ವಿತರಣೆ ನಿಂತು, ಸಾಲು ತೆಳುವಾಯಿತು. ಹೆಲ್ಮೆಟ್ಟಿಲ್ಲ, ಗೇರಿಲ್ಲ, ಕ್ಯಾರಿಯರ್ ಮೇಲೆ ಇನ್ನೊಬ್ಬಳು; ಆದರೂ ಮುಳ್ಳು ಚುಚ್ಚಿದ ಗೆಳತಿಗಾಗಿ ಇಡೀ ಗುಂಪು ಇಳಿದು ನಡೆಯುವ ನಿಯಮವನ್ನು ಅವರಿಗೆ ಯಾವ ಕ್ಲಬ್ಬೂ ಕಲಿಸಲಿಲ್ಲ. ನಗರದ ಸವಾರರು ದುಬಾರಿ ಸೈಕಲ್ಲು ನಿಲ್ಲಿಸಿದ ಕಡೆ ಈ ಮಕ್ಕಳು ಸುತ್ತುವರಿದು ಮೊದಲು ಕೇಳುವುದು ಬೆಲೆ, ಆಮೇಲೆ ಸ್ಟ್ಯಾಂಡ್ ಯಾಕಿಲ್ಲ ಅಂತ. ಎರಡನೆಯದಕ್ಕೆ ತೃಪ್ತಿಕರ ಉತ್ತರ ಇನ್ನೂ ಯಾರೂ ಕೊಟ್ಟಂತಿಲ್ಲ.

ಬರುವವರಿಗೆ ಸುಗ್ಗಿ ಮುಗಿದ ನಂತರದ ಚಳಿಯ ವಾರಗಳು ಒಳ್ಳೆಯವು. ಬೆಂಗಳೂರು–ಹುಬ್ಬಳ್ಳಿ ಹಳಿಗೆ ಮೈಸೂರು, ಹಾಸನದ ಹಳಿ ಕೂಡುವ ಅರಸೀಕೆರೆ ಜಂಕ್ಷನ್ನಿನವರೆಗೆ ಸೈಕಲ್ಲನ್ನು ರೈಲಿನ ಲಗೇಜ್ ಬೋಗಿಯಲ್ಲಿ ತರಬಹುದು. ಪಾರ್ಸೆಲ್ ಕಚೇರಿಗೆ ಬೇಗ ಹೋಗಿ ಚೀಟಿ ಕಟ್ಟಿಸಬೇಕು, ಹೊರಗೆ ಚಾಚಿದ ಡಿರೈಲರಿಗೆ ಬಟ್ಟೆ ಸುತ್ತಬೇಕು. ಮರಳುವ ರೈಲನ್ನು ಗುಂಪಿನ ಅತಿ ನಿಧಾನದ ಸವಾರನನ್ನು ಕೇಳಿ ಗೊತ್ತುಮಾಡುವುದು ಕ್ಷೇಮ.