ಒಬ್ಬರಿಗಾಗಿ ಎಲ್ಲರೂ ಕಾಯಬೇಕಿಲ್ಲ

ಒಂದೇ ಸರ್ವರ್ ಏಕಕಾಲಕ್ಕೆ 10,000 ಗ್ರಾಹಕರನ್ನು ಏಕೆ ನಿಭಾಯಿಸಬಾರದು? 1999ರಲ್ಲಿ ಅಮೆರಿಕದ ಪ್ರೋಗ್ರಾಮರ್ ಡ್ಯಾನ್ ಕೆಗೆಲ್ ಎತ್ತಿದ ಪ್ರಶ್ನೆಯಿದು. ‘ಸಿ10ಕೆ ಸಮಸ್ಯೆ’ ಎಂದೇ ಅದು ಹೆಸರಾಯಿತು. ಯಂತ್ರಕ್ಕೆ ಆಗಲೇ ಆ ತಾಕತ್ತಿತ್ತು, ತೊಡಕಿದ್ದದ್ದು ತಂತ್ರಾಂಶದಲ್ಲಿ.

ಆಗಿನ ಅಪಾಚೆ ಸರ್ವರ್ ಪ್ರತಿ ಸಂಪರ್ಕಕ್ಕೂ ಒಂದು ಪ್ರೋಸೆಸ್ ಮೀಸಲಿಡುತ್ತಿತ್ತು. ಬಳಕೆದಾರರ ಮೋಡೆಮ್ ನಿಧಾನವಾಗಿದ್ದರೆ ಮುಂದಿನ ಬೈಟ್ ಬರುವವರೆಗೂ ಆ ಪ್ರೋಸೆಸ್‌ಗೆ ನಿದ್ದೆ. ಕೆಲಸವಿಲ್ಲದಿದ್ದರೂ ಮೆಮೊರಿ ಮಾತ್ರ ಅದರ ವಶದಲ್ಲೇ.

ನಾನ್-ಬ್ಲಾಕಿಂಗ್ ಸಾಕೆಟ್ ಹಾಗಲ್ಲ. ಓದಲು ಏನೂ ಇಲ್ಲದಿದ್ದರೆ ‘ಈಗಿಲ್ಲ’ ಎಂದು ಕರ್ನಲ್ ತಕ್ಷಣ ಉತ್ತರಿಸುತ್ತದೆ, ಪ್ರೋಗ್ರಾಮ್ ಮುಂದಿನ ಸಂಪರ್ಕ ನೋಡಿಕೊಳ್ಳುತ್ತದೆ. ಮತ್ತೆ ಯಾವಾಗ ಬಂದು ಕೇಳಬೇಕು? 1983ರ ಬಿಎಸ್‌ಡಿ ಯೂನಿಕ್ಸ್‌ನಲ್ಲಿ ಬಂದ ‘ಸೆಲೆಕ್ಟ್’ ಕರೆಗೆ ಪ್ರತಿ ಸಲವೂ ಇಡೀ ಪಟ್ಟಿ ಒಪ್ಪಿಸಬೇಕು. ಮಾತಾಡುತ್ತಿರುವವರು ಐದೇ ಜನರಾದರೂ ಕರ್ನಲ್ ಎಲ್ಲರನ್ನೂ ತಡಕಬೇಕು. 2000ದಲ್ಲಿ ಫ್ರೀಬಿಎಸ್‌ಡಿಯ ‘ಕೆಕ್ಯೂ’, 2002ರಲ್ಲಿ ಲಿನಕ್ಸ್‌ನ ‘ಇಪೋಲ್’ ಈ ವ್ಯರ್ಥ ದುಡಿಮೆ ತಪ್ಪಿಸಿದವು. ಸಂಪರ್ಕವನ್ನು ಒಮ್ಮೆ ನೋಂದಾಯಿಸಿದರೆ ಸಾಕು, ಸಿದ್ಧವಾದವುಗಳ ಹೆಸರಷ್ಟೇ ಕೈಗೆ ಬರುತ್ತದೆ. ರಷ್ಯಾದ ಇಗೊರ್ ಸಿಸೊಯೆವ್ 2004ರಲ್ಲಿ ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್ ಸರ್ವರ್ ನಿಂತಿರುವುದು ಇದರ ಮೇಲೆಯೇ. ಅಲ್ಲಿ ಬೆರಳೆಣಿಕೆಯ ವರ್ಕರ್ ಪ್ರೋಸೆಸ್‌ಗಳು ಸಾವಿರಾರು ಸಂಪರ್ಕಗಳನ್ನು ಸಂಭಾಳಿಸುತ್ತವೆ. 2012ರ ಹೊತ್ತಿಗೆ ವಾಟ್ಸ್ಆ್ಯಪ್ ಒಂದೇ ಫ್ರೀಬಿಎಸ್‌ಡಿ ಯಂತ್ರದಲ್ಲಿ 20 ಲಕ್ಷ ಸಂಪರ್ಕಗಳನ್ನು ಹಿಡಿದು ತೋರಿಸಿತು.

ಇಷ್ಟೆಲ್ಲ ಸುಮ್ಮನೆ ದಕ್ಕಲಿಲ್ಲ. ಅರ್ಧ ಬಂದ ಕೋರಿಕೆ, ಅರ್ಧ ಹೋದ ಉತ್ತರ, ಯಾರದು ಎಲ್ಲಿಗೆ ನಿಂತಿದೆ ಎಂಬುದನ್ನೆಲ್ಲ ಪ್ರೋಗ್ರಾಮರೇ ನೆನಪಿಡಬೇಕು. ಅದಕ್ಕಿಂತ ಕಠಿಣ ಶಿಸ್ತು ಇನ್ನೊಂದಿದೆ: ಸಂಪರ್ಕದಿಂದ ಸಂಪರ್ಕಕ್ಕೆ ವರ್ಕರ್ ಹಾಕುವ ಸುತ್ತು ಎಲ್ಲಿಯೂ ನಿಲ್ಲಬಾರದು. ಭಾರಿ ಲೆಕ್ಕಾಚಾರವೊಂದು ನಡುವೆ ಬಂದರೆ ಆ ವರ್ಕರ್‌ನ ಸಂಪರ್ಕಗಳೆಲ್ಲ ಸ್ತಬ್ಧ. ಡಿಸ್ಕ್‌ನದು ಬೇರೆಯೇ ಕಥೆ. ಸಾಮಾನ್ಯ ಫೈಲ್‌ಗಳ ಮೇಲೆ ಇಪೋಲ್ ನಡೆಯುವುದಿಲ್ಲ, ಅವನ್ನು ಓದುವಾಗ ಪ್ರೋಸೆಸ್ ಕಾಯಲೇಬೇಕಾಗಬಹುದು. ಅದಕ್ಕೇ ಎಂಜಿನ್‌ಎಕ್ಸ್ ಕೂಡ 2015ರಲ್ಲಿ ಥ್ರೆಡ್‌ಗಳ ಮೊರೆ ಹೋಯಿತು. ಈ ವಿಧಾನದ ಮಿತಿಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಇನ್ನೊಂದು ಉದಾಹರಣೆ ನನಗೆ ಕಾಣದು.

ಈಗ ಗೋ ಭಾಷೆಯಲ್ಲಿ, 2023ರ ಜಾವಾ 21ರ ವರ್ಚುವಲ್ ಥ್ರೆಡ್‌ಗಳಲ್ಲಿ, ಕಾಯುವಂತೆ ಕಾಣುವ ಸರಳ ಕೋಡ್ ಬರೆದರೂ ಒಳಗೆ ಲಿನಕ್ಸ್‌ನ ಇಪೋಲ್ ದುಡಿಯುತ್ತದೆ. ಈ ಅನುಕೂಲವನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೂ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ: ಬಂದದ್ದನ್ನೇ ಮರಳಿಸುವ ಪುಟ್ಟ ಎಕೋ ಸರ್ವರ್ ಒಂದನ್ನು ಸಿ ಭಾಷೆಯಲ್ಲಿ, ಇಪೋಲ್ ಬಳಸಿ, ಒಮ್ಮೆಯಾದರೂ ನೀವೇ ಬರೆಯಿರಿ.